ಐದನೇ ನಂಬರಿನ ಜಗಳ

ಐದನೇ ನಂಬರು ಯಾರಿಗೆ ಸೇರಬೇಕು ಅನ್ನುವುದರ ಮೇಲೆ ಆದೋನಿಯಲ್ಲಿ ನಾವು ಆಡಿದ ಜಗಳ ಒಂದೆರಡಲ್ಲ. ಸೌಂಡ್ ಕಾರ್ಡ್ ಅದು ತನ್ನ ಪಿತ್ರಾರ್ಜಿತ ಅನ್ನುವ ಹಾಗೆ ಬಂದು ಕೂರುತ್ತಿತ್ತು. ನೆಟ್‌ವರ್ಕ್ ಕಾರ್ಡಿಗೂ ಅದೇ ಬೇಕು. ಯಾರಾದರೂ ಎರಡನೇ ಪ್ರಿಂಟರ್ ಪೋರ್ಟ್ ಹಾಕಿಸಿಕೊಂಡಿದ್ದರೆ ಅದರ ಪಾಲಿಗೂ ಕಂಪ್ಯೂಟರಿನ ಲೆಕ್ಕದಲ್ಲಿ ಐದೇ ಬರೆದಿರುತ್ತಿತ್ತು. ಇವುಗಳಲ್ಲಿ ಯಾವುದನ್ನು ಎಬ್ಬಿಸಬೇಕು, ಎಬ್ಬಿಸಿ ಎಲ್ಲಿ ಕೂರಿಸಬೇಕು ಎಂದು ಕೌತಾಳದವನು, ಎಮ್ಮಿಗನೂರಿನವನು ಮತ್ತು ನಾನು ಕ್ಯಾಬಿನೆಟ್ಟಿನ ಮುಚ್ಚಳ ಬಿಚ್ಚಿಟ್ಟು, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ವಾದ ಹೂಡುತ್ತಿದ್ದೆವು. 1990ರ ದಶಕದ ಕೊನೆಯ ವರ್ಷಗಳು ಅವು.

ಊರಿನಿಂದ ಮನುಷ್ಯನನ್ನು ಕರೆಯುವುದು ನಮ್ಮ ಕಡೆಯ ರೂಢಿ. ಹೆಸರು ಹಿಡಿದು ಕರೆದರೆ ಸಿಟ್ಟು ಬಂದಿದೆ ಅಂತಲೇ ಅರ್ಥ. ಕೌತಾಳದವನು ಹತ್ತನೇ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದವನು. ಎಮ್ಮಿಗನೂರಿನವನು ನೇಕಾರರ ಮನೆಯ ಹುಡುಗ, ತೆಲುಗು ಮಾಧ್ಯಮ. ನನ್ನದು ಆಲೂರು ಕಡೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಪಿಕ್ಚರ್ ಯಾವುದಾದರೂ ಆದೀತು. 1953ರ ಅಕ್ಟೋಬರ್ 1ರ ತನಕ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆಂಧ್ರ ರಾಜ್ಯ ಹುಟ್ಟಿದ ದಿನ ಈ ಮೂರೂ ಅತ್ತ ಉಳಿದವು, ಬಳ್ಳಾರಿ ಮೈಸೂರಿಗೆ ಸೇರಿತು. ನಮ್ಮ ಕಾಲಕ್ಕೆ ಅದು ಹಿರಿಯರು ಜಗಲಿಯ ಮೇಲೆ ಕೂತು ಆಡುವ ಮಾತಾಗಿತ್ತು. ಗಡಿಯಾಚೆಯ ಸಿರಿಗುಪ್ಪಕ್ಕೆ ಹೆಣ್ಣು ಕೊಡುವುದು, ಅಲ್ಲಿಂದ ತರುವುದು ಮಾತ್ರ ನಿಂತಿರಲಿಲ್ಲ.

ಕಂಪ್ಯೂಟರು ನಮ್ಮ ಕಣ್ಣಿಗೆ ಬಿದ್ದದ್ದು ಹತ್ತಿಯ ದೆಸೆಯಿಂದ. ಆದೋನಿ ಅಂದರೆ ಮಾರ್ಕೆಟ್ ಯಾರ್ಡು, ಜಿನ್ನಿಂಗ್ ಮಿಲ್ಲು, ಕಡಲೆಕಾಯಿ ಎಣ್ಣೆ ಮಿಲ್ಲು, ಕಮಿಷನ್ ಅಂಗಡಿ. ಕೆಂಪು ಬಟ್ಟೆಯ ರಟ್ಟಿನ ಖಾತೆ ಪುಸ್ತಕಗಳ ಪಕ್ಕದಲ್ಲಿ ಒಂದೊಂದಾಗಿ ಬಿಳಿ ಪೆಟ್ಟಿಗೆಗಳು ಬಂದು ಕೂತವು. ಅವು ಕಂಪನಿಯ ಮಾಲಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಸಿಕಂದರಾಬಾದಿನ ಪಾರ್ಕ್ ಲೇನಿನಿಂದಲೋ ಬಿಡಿಬಿಡಿಯಾಗಿ ತಂದು ಜೋಡಿಸಿದವು. ಒಂದು ಕಾರ್ಡು ತೈವಾನಿನದು, ಇನ್ನೊಂದರ ಮೇಲೆ ಹೆಸರೇ ಇಲ್ಲ. ಅವುಗಳ ನಡುವೆ ಹೊಂದಾಣಿಕೆ ಮಾಡಿಸುವ ಕೆಲಸ, ಇನ್‌ಸ್ಟಿಟ್ಯೂಟಿನಲ್ಲಿ ಆರು ತಿಂಗಳ ಕೋರ್ಸು ಮುಗಿಸಿದ್ದ ನಮ್ಮಂಥವರ ಪಾಲಿಗೆ ಬಂತು. ಕೂಲಿ ಅಂತ ಗಟ್ಟಿಯಾಗಿ ಏನೂ ಇರುತ್ತಿರಲಿಲ್ಲ. ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ, ಸ್ಪೆಷಲ್ ಟೀ, ಮೇಲೊಂದಿಷ್ಟು ಬಸ್ ಚಾರ್ಜು.

ತೊಂದರೆಯ ಮೂಲ ಇಷ್ಟೇ. ಕೀಬೋರ್ಡು, ಡಿಸ್ಕು, ಮೋಡೆಮ್ಮು ಯಾವುದಕ್ಕಾದರೂ ಪ್ರೊಸೆಸರಿನ ಗಮನ ಬೇಕಾದಾಗ ಅದು ತನ್ನ ತಂತಿಯ ಮೇಲೆ ಕರೆ ಕಳಿಸುತ್ತದೆ. ಆ ತಂತಿಗೆ ಒಂದು ನಂಬರು, ಅದೇ ಐಆರ್‌ಕ್ಯೂ. 1981ರ ಮೊದಲ ಐಬಿಎಂ ಪಿಸಿಯಲ್ಲಿ ಈ ಕರೆಗಳನ್ನು ನೋಡಿಕೊಳ್ಳಲು 8259 ಅನ್ನುವ ಒಂದೇ ಚಿಪ್ಪು, ಎಂಟೇ ತಂತಿ. 1984ರ ಎಟಿ ಮಾದರಿಗೆ ಇನ್ನೊಂದು ಚಿಪ್ಪು ಸೇರಿಸಿದರು. ಆ ಎರಡನೆಯದನ್ನು ಮೊದಲನೆಯದರ ಎರಡನೇ ನಂಬರಿನ ತಂತಿಗೇ ಜೋತುಹಾಕಿದ್ದರಿಂದ ಹದಿನಾರರಲ್ಲಿ ಒಂದು ಹೋಗಿ ಹದಿನೈದು ಉಳಿದವು. ಸೊನ್ನೆ ಗಡಿಯಾರದ ಮಿಡಿತಕ್ಕೆ, ಒಂದು ಕೀಬೋರ್ಡಿಗೆ, ಆರು ಫ್ಲಾಪಿಗೆ, ಎಂಟು ತಾರೀಖು ಕಾಯುವ ಗಡಿಯಾರಕ್ಕೆ, ಹದಿಮೂರು ಲೆಕ್ಕದ ಕೋಪ್ರೊಸೆಸರಿಗೆ, ಹದಿನಾಲ್ಕು ಹಾರ್ಡ್ ಡಿಸ್ಕಿಗೆ, ಹದಿನೈದು ಸೀಡಿ ಡ್ರೈವಿಗೆ. ಸೀರಿಯಲ್ ಪೋರ್ಟುಗಳಿಗೆ ನಾಲ್ಕು ಮತ್ತು ಮೂರು, ಪ್ರಿಂಟರಿಗೆ ಏಳು. ಹಂಚಿ ಉಳಿದದ್ದು ಬೆರಳೆಣಿಕೆ. ಅದರಲ್ಲೂ ಅಗ್ಗದ ಎಂಟು ಬಿಟ್ಟಿನ ಕಾರ್ಡುಗಳಿಗೆ ಏಳರ ಆಚೆಗಿನ ತಂತಿ ಮುಟ್ಟುತ್ತಲೇ ಇರಲಿಲ್ಲ. ಅವುಗಳ ಸ್ಲಾಟಿನ ಗಿಡ್ಡ ತುದಿಗೆ ಆ ತಂತಿಗಳು ಬರುವುದೇ ಇಲ್ಲ. ಐದರ ಮೇಲೆ ಎಲ್ಲರ ಕಣ್ಣು ಬಿದ್ದದ್ದು ಹೀಗೆ.

ಹಳೆಯ ಕಪ್ಪು ಸ್ಲಾಟಿನ ಐಎಸ್‌ಎ ಕಾರ್ಡುಗಳಲ್ಲಿ ಒಂದು ತಂತಿಯನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ. ಎರಡು ಕಾರ್ಡು ಒಂದೇ ನಂಬರಿಗೆ ಬಿದ್ದರೆ ಒಂದರ ಕರೆ ಇನ್ನೊಂದರ ಕೆಳಗೆ ಮುಚ್ಚಿಹೋಗುತ್ತದೆ, ಇಲ್ಲವೇ ಮಷೀನು ಅಲ್ಲೇ ಮರಗಟ್ಟಿ ನಿಲ್ಲುತ್ತದೆ. ನಂಬರು ಬದಲಿಸಬೇಕಾದರೆ ಕಾರ್ಡು ಕಿತ್ತು, ಅದರ ಮೇಲಿನ ಮುಳ್ಳಿನಂಥ ಪಿನ್ನುಗಳಿಂದ ಜಂಪರ್ ಅನ್ನುವ ಕಪ್ಪು ಟೊಪ್ಪಿಯನ್ನು ಎತ್ತಿ ಪಕ್ಕದ ಜೋಡಿಗೆ ತೊಡಿಸಬೇಕು. ಆ ಟೊಪ್ಪಿ ಅಕ್ಕಿಕಾಳಿಗಿಂತ ಕೊಂಚ ದೊಡ್ಡದು ಅಷ್ಟೇ. ಆದೋನಿಯಲ್ಲಿ ಅದು ಕೊಂಡುಕೊಳ್ಳಲು ಸಿಗುತ್ತಿರಲಿಲ್ಲ. ಸತ್ತ ಕಾರ್ಡು, ಸತ್ತ ಡಿಸ್ಕುಗಳಿಂದ ಬಿಡಿಸಿಕೊಂಡು ಕೌತಾಳದವನು ಒಂದು ಸುಣ್ಣದ ಡಬ್ಬಿಯಲ್ಲಿ ಕೂಡಿಹಾಕಿದ್ದ. ಅವನ ಅಂಗಿಯ ಜೇಬಿನಲ್ಲಿ ಆ ಡಬ್ಬಿ ಕಿಣಿಕಿಣಿ ಅನ್ನುತ್ತಿದ್ದರೆ ರಿಪೇರಿಗೆ ಹೊರಟಿದ್ದಾನೆ ಅಂತ ಗೊತ್ತಾಗುತ್ತಿತ್ತು.

ಇನ್ನೊಂದು ಆಸ್ತಿ ನಮ್ಮ ಖಾತೆ ಪುಸ್ತಕ. ಕಮಿಷನ್ ಅಂಗಡಿಯವರು ಬಳಸುವ ಉದ್ದನೆಯ ಪುಸ್ತಕವೇ. ಒಂದು ಮಷೀನಿಗೆ ಒಂದು ಹಾಳೆ, ಸೊನ್ನೆಯಿಂದ ಹದಿನೈದರ ತನಕ ಸಾಲು, ಎದುರಿಗೆ ಆ ನಂಬರು ಯಾರ ಕೈಯಲ್ಲಿದೆ ಅನ್ನುವುದು. ಕೌತಾಳದವನು ಮತ್ತು ನಾನು ಕನ್ನಡದಲ್ಲಿ ಬರೆಯುತ್ತಿದ್ದೆವು, ಎಮ್ಮಿಗನೂರಿನವನು ತೆಲುಗಿನಲ್ಲಿ. ಯಾವ ಊರಿನ ಯಾವ ಮಿಲ್ಲಿನ ಮಷೀನು ಕೈಕೊಟ್ಟರೂ ಹಾಳೆ ತಿರುವಿದರೆ ಅರ್ಧ ಕೆಲಸ ಆದಂತೆ. ಈಗಿನ ಕಂಪ್ಯೂಟರು ಕೆಟ್ಟಾಗ ಏನು ಕೆಟ್ಟಿದೆ ಅಂತ ಅದಕ್ಕೇ ಗೊತ್ತಿರುವುದಿಲ್ಲ; ಆಗಿನ ರೋಗಕ್ಕೆ ನಂಬರಾದರೂ ಇತ್ತು.

ಒಂದು ಜಿನ್ನಿಂಗ್ ಮಿಲ್ಲಿನ ಕಾಟಾ ಮನೆಯ ಪ್ರಸಂಗ ಹೇಳಲೇಬೇಕು. ಗೇಟಿನ ಬಳಿ ಲಾರಿ ತೂಗುವ ಕಾಟಾ, ಪಕ್ಕದಲ್ಲೊಂದು ಚಿಕ್ಕ ಕೋಣೆ, ಅದರಲ್ಲೊಂದು ಕಂಪ್ಯೂಟರು. ಕಾಟಾದ ಅಂಕಿ ಸೀರಿಯಲ್ ಕೇಬಲ್ಲಿನ ಮೂಲಕ ಎರಡನೇ ಕಾಮ್ ಪೋರ್ಟಿಗೆ ಬರುತ್ತಿತ್ತು; ಮೊದಲನೆಯದರಲ್ಲಿ ಮೌಸು ಕೂತಿತ್ತು. ತೂಕದ ಚೀಟಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕರಕರ ಎಂದು ಹೊರಬೀಳುತ್ತಿತ್ತು. ಒಳಗಿನ ಆಫೀಸಿನಲ್ಲೂ ಆ ತೂಕ ಕಾಣಬೇಕು ಎಂದು ಸಾವ್ಕಾರ್ರಿಗೆ ಆಸೆಯಾಗಿ ಎರಡೂ ಕಂಪ್ಯೂಟರಿಗೆ ಎನ್‌ಇ 2000 ಮಾದರಿಯ ಕಾರ್ಡು ಹಾಕಿಸಿ, ನಡುವೆ ಟೀವಿ ಕೇಬಲ್ಲಿನಂಥ ಕೋಆಕ್ಸ್ ತಂತಿ ಎಳೆಸಿದರು. ಅಲ್ಲಿಂದ ಶುರುವಾಯಿತು. ಆಫೀಸಿನಿಂದ ಯಾರಾದರೂ ಫೈಲು ತೆರೆದ ತಕ್ಷಣ ಕಾಟಾ ಮನೆಯ ಪರದೆಯಲ್ಲಿ ತೂಕದ ಅಂಕಿ ನಿಂತಲ್ಲೇ ನಿಲ್ಲುತ್ತಿತ್ತು. ಲಾರಿ ಇಳಿದು ಹೋದರೂ ಹಳೆಯ ತೂಕವೇ. ಹತ್ತಿ ಸೀಜನ್ನು ಬೇರೆ. ಗೇಟಿನಾಚೆ ಲಾರಿಗಳ ಸಾಲು, ಡ್ರೈವರುಗಳ ಹಾರನ್ನು.

ಕೌತಾಳದವನು ಪುಸ್ತಕ ತೆರೆದು ನೋಡಿದ. ಎರಡನೇ ಕಾಮ್ ಪೋರ್ಟಿನದು ಮೂರನೇ ನಂಬರು. ಎನ್‌ಇ 2000 ಕಾರ್ಡು ಪೆಟ್ಟಿಗೆಯಿಂದ ಬರುವಾಗಲೇ ಮೂರಕ್ಕೆ ಕಟ್ಟಿಕೊಂಡು ಬರುತ್ತದೆ. "ಸಿಕ್ತಲ್ಲಪ್ಪಾ ಕಳ್ಳ" ಅಂದವನೇ ಜಂಪರ್ ಎತ್ತಿ ಐದಕ್ಕೆ ಹಾಕಿದ. ತೂಕ ಓಡಿತು, ಆಫೀಸಿನಲ್ಲೂ ಕಂಡಿತು. ಟೀ ಬಂತು. ರಾತ್ರಿ ಪಾಳಿಗೆ ಕೂರುತ್ತಿದ್ದ ಸಾವ್ಕಾರ್ರ ಮಗ ಬಂದು, "ಅಣ್ಣಾ, ಗೇಮಿನಾಗ ಸೌಂಡೇ ಬರ್ತಿಲ್ಲ, ಮಷೀನು ನಿಂತುಬಿಡ್ತದ" ಅಂದ. ಆ ಮಹಾಶಯ ಯಾರಿಗೂ ಹೇಳದೆ ಎಂಟು ಬಿಟ್ಟಿನ ಒಂದು ಸೌಂಡ್ ಕಾರ್ಡು ಹಾಕಿಸಿಕೊಂಡಿದ್ದ, ಅದು ಐದರಲ್ಲಿತ್ತು. ನಮ್ಮ ಪುಸ್ತಕದಲ್ಲಿ ಅದರ ಸುಳಿವೇ ಇಲ್ಲ.

ಮತ್ತೆ ಮುಚ್ಚಳ ಬಿಚ್ಚಿದೆವು. ಈ ಗದ್ದಲದಲ್ಲಿ ಎಮ್ಮಿಗನೂರಿನವನು, ನಂಬರಿನ ಜೊತೆಗೆ, ಪ್ರೊಸೆಸರು ಕಾರ್ಡನ್ನು ಹುಡುಕಿ ಬರುವ ವಿಳಾಸವನ್ನೂ ದೂರ ಇಡೋಣ ಅಂದುಕೊಂಡು ನೆಟ್‌ವರ್ಕ್ ಕಾರ್ಡಿನ ಪೋರ್ಟ್ ವಿಳಾಸವನ್ನು 300ರಿಂದ 360ಕ್ಕೆ ಸರಿಸಿದ. ತೂಕ ಸರಿಯಾಗಿಯೇ ಬಂತು. ಚೀಟಿ ಮಾತ್ರ ಹೊರಬೀಳಲಿಲ್ಲ. ಪ್ರಿಂಟರಿನ ವಿಳಾಸ 378, ಕಾರ್ಡಿನದು 360. ಎರಡೂ ಬೇರೆ ಬೇರೆ, ಮತ್ತೆ ಯಾಕೆ ಡಿಕ್ಕಿ? ಕೇಬಲ್ ಬದಲಿಸಿದೆವು, ಪ್ರಿಂಟರು ಬದಲಿಸಿದೆವು, ಕೊನೆಗೆ ಒಬ್ಬರ ಮೇಲೊಬ್ಬರು ರೇಗಿದೆವು.

ಬಿಡಿಸಿದವರು ಅಲ್ಲಿನ ಗುಮಾಸ್ತರಾಯರು. ಲಾರಿ ಚೀಟಿಯನ್ನು ಕೈಯಲ್ಲಿ ಬರೆದು ಬರೆದು ಬೇಸತ್ತು, ಏನಪ್ಪಾ ನಿಮ್ಮ ಲೆಕ್ಕ, ಸ್ವಲ್ಪ ನನಗೂ ಹೇಳ್ರಿ ಅಂದರು. ಈ ಅಂಕಿಗಳು ಹದಿನಾರರ ಲೆಕ್ಕದವು, ಹದಿನಾರಾದರೆ ಎಡಗಡೆ ಒಂದು ಏರುತ್ತದೆ, ಕಾರ್ಡು ತನ್ನ ವಿಳಾಸದಿಂದ ಮುಂದೆ ಮೂವತ್ತೆರಡು ಮನೆ ಹಿಡಿಯುತ್ತದೆ ಎಂದು ನಾನು ತಡವರಿಸುತ್ತ ವಿವರಿಸಿದೆ. ಅವರು 1957ಕ್ಕೆ ಮುಂಚೆ, ನಯಾಪೈಸೆ ಬರುವ ಮೊದಲೇ ಲೆಕ್ಕ ಬರೆಯಲು ಕೂತವರು. "ಅಂದ್ರೆ ಆಣೆ ಲೆಕ್ಕ ಅನ್ರಿ. ನಿಮ್ಮ ಕಾರ್ಡು ಮೂವತ್ತಾರು ರೂಪಾಯಿಯಿಂದ ಶುರು. ಮೂವತ್ತೆರಡಾಣೆ ಅಂದ್ರೆ ಎರಡು ರೂಪಾಯಿ ಉದ್ದ. ಪ್ರಿಂಟರು ಮೂವತ್ತೇಳು ರೂಪಾಯಿ ಎಂಟಾಣೆ. ಅದರ ಹೊಟ್ಟೆಯಾಗೇ ಬಂತಲ್ಲೋ!" 360ರಿಂದ ಹೊರಟ ಕಾರ್ಡು 37ಎಫ್ ತನಕ ಕಾಲು ಚಾಚಿತ್ತು, 378 ಅದರ ಕೆಳಗೆ ಸಿಕ್ಕಿಕೊಂಡಿತ್ತು. ರೂಪಾಯಿಯ ಅಂಕಿಯನ್ನೂ ಹದಿನಾರರಲ್ಲೇ ಎಣಿಸಬೇಕು ಅನ್ನುವ ತಕರಾರು ಉಂಟು. ಆದರೆ ಆ ಹೊತ್ತಿಗೆ ಅಷ್ಟು ಸಾಕಿತ್ತು, ಮತ್ತು ನಮ್ಮ ಇನ್‌ಸ್ಟಿಟ್ಯೂಟಿನಲ್ಲಿ ಹೆಕ್ಸಾಡೆಸಿಮಲ್ ಯಾರೂ ಅಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ಕಾರ್ಡು 300ಕ್ಕೆ ಮರಳಿತು, ಐದು ಅದಕ್ಕೇ ಖಾಯಂ ಆಯಿತು. ಸೌಂಡ್ ಕಾರ್ಡಿಗೆ ಉಳಿದದ್ದು ಏಳು, ಅಂದರೆ ಪ್ರಿಂಟರಿನ ನಂಬರು. ಇಲ್ಲಿ ಕೌತಾಳದವನಿಗೂ ನನಗೂ ಮಾತಿಗೆ ಮಾತು ಬೆಳೆಯಿತು. ಒಂದೇ ನಂಬರಿಗೆ ಇಬ್ಬರು ಬೇಡವೆಂದು ತಾನೇ ಇಷ್ಟೆಲ್ಲ ಪಾಡು? ಅವನ ವಾದ ಬೇರೆ: ಏಳು ಪ್ರಿಂಟರಿನದು ಅನ್ನುವುದು ಬರೀ ಹೆಸರಿಗೆ. ಡಾಸ್ ಪ್ರಿಂಟರಿನ ಕರೆಗೆ ಕಾಯುವುದೇ ಇಲ್ಲ, ತಾನೇ ಮತ್ತೆ ಮತ್ತೆ ಹೋಗಿ ಕೈ ಖಾಲಿ ಇದೆಯೇ ಎಂದು ವಿಚಾರಿಸಿ ಒಂದೊಂದೇ ಅಕ್ಷರ ಕೊಟ್ಟು ಬರುತ್ತದೆ. ಹಾಕಿ ನೋಡಿದೆವು. ಚೀಟಿಯೂ ಬಂತು, ಸಾವ್ಕಾರ್ರ ಮಗನ ಗೇಮಿನಲ್ಲಿ ಗುಂಡಿನ ಸದ್ದೂ ಕೇಳಿಸಿತು. ಆ ವಾದದಲ್ಲಿ ಅವನು ಗೆದ್ದದ್ದನ್ನು ಇವತ್ತಿಗೂ ಮದುವೆ ಮುಂಜಿಗಳಲ್ಲಿ ಎತ್ತಿ ಆಡುತ್ತಾನೆ.

ಎಲ್ಲ ತೊಂದರೆಯೂ ನಂಬರಿನದೇ ಆಗಿರಲಿಲ್ಲ ಅನ್ನಿ. ಸೀಜನ್ನಿನಲ್ಲಿ ಹತ್ತಿಯ ನಾರು ಗಾಳಿಯಲ್ಲೇ ತೇಲುವ ಊರು ಅದು. ಎಸ್‌ಎಂಪಿಎಸ್ ಫ್ಯಾನಿನ ಬಾಯಿಗೆ ಅದು ಗೂಡು ಕಟ್ಟುತ್ತಿತ್ತು, ಸ್ಲಾಟಿನ ಸಂದಿಗೆ ಇಳಿಯುತ್ತಿತ್ತು. ದೊಡ್ಡ ಕಾನ್‌ಫ್ಲಿಕ್ಟ್ ಎಂದು ಪುಸ್ತಕ ಹಿಡಿದು ಹೋದರೆ, ಕಾರ್ಡು ಕಿತ್ತು ಪೇಂಟಿಂಗ್ ಬ್ರಷ್ಷಿನಲ್ಲಿ ಜಾಡಿಸಿ, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ ಎದ್ದು ಕೂರುತ್ತಿತ್ತು. ಹಾಗಂತ ಹೇಳಿದರೆ ಬಜ್ಜಿಯ ಪ್ಲೇಟು ಚಿಕ್ಕದಾಗುತ್ತದೆ ಎಂದು ಎಮ್ಮಿಗನೂರಿನವನು ಗಂಭೀರವಾಗಿ ಖಾತೆ ಪುಸ್ತಕದಲ್ಲಿ ಏನಾದರೂ ಬರೆಯುತ್ತ ಕೂರುತ್ತಿದ್ದ.

ಇಂಟರ್‌ನೆಟ್ಟು ಬಂದಾಗ ಜಗಳ ನಾಲ್ಕನೇ ನಂಬರಿಗೆ ಸರಿಯಿತು. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ದೊಡ್ಡ ಊರುಗಳಲ್ಲಿ ಸೇವೆ ಶುರುಮಾಡಿತ್ತು. ನಮ್ಮಲ್ಲಿಗೆ ಅದು ಮುಟ್ಟಿದ್ದು ಒಂದು ಎಸ್‌ಟಿಡಿ ಬೂತಿನ ಮೂಲಕ. ಬೂತಿನವರು ಹೈದರಾಬಾದಿಗೆ ಎಸ್‌ಟಿಡಿ ಹಾಕಿಯೇ ಕನೆಕ್ಟ್ ಆಗುತ್ತಿದ್ದರು, ಹೀಗಾಗಿ ಕಾಲುದರ ಶುರುವಾಗುವ ರಾತ್ರಿ ಹನ್ನೊಂದರ ತನಕ ಕಾಯಬೇಕು. ಅಷ್ಟು ಹೊತ್ತಿಗೆ ನಾವು ಮೂವರೂ ಅಲ್ಲಿ ಹಾಜರು. ಮೋಡೆಮ್ಮು ಕಿರುಚಿ, ಉಸಿರೆಳೆದು, ಸುಮ್ಮನಾಗಿ ಕನೆಕ್ಟ್ ಆಯಿತು ಅನ್ನುವಷ್ಟರಲ್ಲಿ ಬೂತಿನವರು ಸಂತೋಷಕ್ಕೆ ಮೌಸು ಅಲುಗಿಸುತ್ತಿದ್ದರು. ಅಷ್ಟೇ, ಪರದೆ ಕಲ್ಲಾಗುತ್ತಿತ್ತು. ಎಸ್‌ಟಿಡಿ ಮೀಟರು ಮಾತ್ರ ಓಡುತ್ತಿತ್ತು.

ಕಾರಣ ಪುಸ್ತಕದಲ್ಲೇ ಇತ್ತು. ಒಳಗೆ ಕೂರಿಸುವ ಮೋಡೆಮ್ಮನ್ನು ಮೂರನೇ ಕಾಮ್ ಪೋರ್ಟಿಗೆ ಕಟ್ಟಿದ್ದರು. ಮೊದಲ ಮತ್ತು ಮೂರನೇ ಕಾಮ್ ಪೋರ್ಟುಗಳಿಗೆ ವಿಳಾಸ ಬೇರೆಯಾದರೂ ಐಆರ್‌ಕ್ಯೂ ಒಂದೇ, ನಾಲ್ಕು. ಎರಡನೆಯದು, ನಾಲ್ಕನೆಯದು ಮೂರನ್ನು ಹಂಚಿಕೊಳ್ಳುತ್ತವೆ. ಮೌಸು ಮೊದಲನೆಯದರಲ್ಲಿ. ಮೌಸನ್ನೂ ಮೋಡೆಮ್ಮನ್ನೂ ಒಟ್ಟಿಗೆ ಬಳಸುವುದೇ ಇಂಟರ್‌ನೆಟ್ಟಿನ ಕೆಲಸ, ಅದೊಂದನ್ನೇ ಈ ಮಷೀನು ಮಾಡಲಾರದು! ಮದ್ದು ಗೊತ್ತಾಗುವ ತನಕ "ಮೋಡೆಮ್ ಮಾತಾಡುವಾಗ ಮೌಸ್ ಮುಟ್ಟಬೇಡಿ" ಎಂದು ಎರಡು ಭಾಷೆಯಲ್ಲಿ ಬರೆದು ಅಂಟಿಸಿದ್ದೆವು, ಟ್ಯಾಬ್ ಕೀಲಿ ಒತ್ತಿ ಒತ್ತಿ ಲಿಂಕಿನಿಂದ ಲಿಂಕಿಗೆ ಹಾರುತ್ತಿದ್ದೆವು. ಆಮೇಲೆ ಬಯಾಸಿನಲ್ಲಿ ಯಾರೂ ಬಳಸದ ಎರಡನೇ ಪೋರ್ಟನ್ನು ಮುಚ್ಚಿ, ಅದರ ಜಾಗವನ್ನೂ ಮೂರನೇ ನಂಬರನ್ನೂ ಮೋಡೆಮ್ಮಿಗೆ ಕೊಟ್ಟೆವು. ಚೀಟಿ ಕಿತ್ತೆಸೆದೆವು. ಬೂತಿನವರಿಗೆ ಮೌಸು ಮುಟ್ಟುವ ಧೈರ್ಯ ಬರಲು ಇನ್ನೂ ಕೆಲವು ದಿನ ಹಿಡಿಯಿತು.

ಪ್ರೆಸ್ಸಿನ ಕಂಪ್ಯೂಟರುಗಳ ಕಥೆ ಬೇರೆ. ಅಕ್ಷರದ ಸಾಫ್ಟ್‌ವೇರಿಗೆ ಡಾಂಗಲ್ ಅನ್ನುವ ಬೀಗ. ಅದನ್ನು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿ, ಅದರ ಬೆನ್ನಿಗೆ ಪ್ರಿಂಟರಿನ ಕೇಬಲ್ಲು. ಪೋರ್ಟಿನ ಸೆಟ್ಟಿಂಗು ಕೊಂಚ ಹೆಚ್ಚುಕಮ್ಮಿಯಾದರೆ ಲಗ್ನಪತ್ರಿಕೆ ನಿಂತಿತು. ನನಗೆ ಬೆರಗು ಹುಟ್ಟಿಸಿದ್ದು ಮಾತ್ರ ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡು. ಡಾಸ್ ಪರದೆಯ ಮೇಲೆ ಭಾರತೀಯ ಲಿಪಿ ಮೂಡಿಸುತ್ತಿದ್ದ ಈ ಕಾರ್ಡಿನ ಬೇರು ಕಾನ್ಪುರದ ಐಐಟಿಯಲ್ಲಿತ್ತು. ಅದು ಬಳಸುತ್ತಿದ್ದ ಇಸ್ಕಿ ಸಂಕೇತದಲ್ಲಿ ಕನ್ನಡದ 'ಕ'ಕ್ಕೂ ತೆಲುಗಿನ 'ಕ'ಕ್ಕೂ ಒಂದೇ ಅಂಕಿ. ಬಂಧುಗಳ ಹೆಸರನ್ನು ಒಮ್ಮೆ ಹೊಡೆದು ಲಿಪಿ ಬದಲಿಸಿದರೆ ಕನ್ನಡದ ಪಟ್ಟಿ ತೆಲುಗಾಗಿ ನಿಲ್ಲುತ್ತಿತ್ತು. ಸಿರಿಗುಪ್ಪದ ಬೀಗರಿಗೊಂದು, ಆದೋನಿಯ ನೆಂಟರಿಗೊಂದು ಪತ್ರಿಕೆ ಮಾಡಿಸುವ ಊರಿಗೆ ಇದಕ್ಕಿಂತ ಒಳ್ಳೆಯ ಕಾರ್ಡು ಬೇರೆ ಯಾವುದಿತ್ತು?

ವಿಂಡೋಸ್ 95 ಮತ್ತು ಪ್ಲಗ್ ಅಂಡ್ ಪ್ಲೇ ಬಂದರೆ ನಮ್ಮ ಕಸುಬು ಮುಗಿಯಿತು ಎಂದು ಹೆದರಿದ್ದೆವು. ಮೊದಮೊದಲು ಕೆಲಸ ಹೆಚ್ಚಿತು. ಹೊಸ ಕಾರ್ಡುಗಳು ತಾವೇ ನಂಬರು ಆರಿಸಿಕೊಳ್ಳುತ್ತಿದ್ದವು, ಆದರೆ ಜಂಪರಿನ ಹಳೆಯ ಕಾರ್ಡು ಎಲ್ಲಿ ಕೂತಿದೆ ಎಂದು ಅವುಗಳಿಗೆ ತಿಳಿಯುತ್ತಿರಲಿಲ್ಲ. ನೇರವಾಗಿ ಹೋಗಿ ಅದರ ತೊಡೆಯ ಮೇಲೇ ಕೂರುತ್ತಿದ್ದವು. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಬಣ್ಣದ ಉದ್ಗಾರ ಚಿಹ್ನೆ. ಬಯಾಸಿಗೆ ಹೋಗಿ, ಐದು ಹಳೆಯ ಐಎಸ್‌ಎ ಕಾರ್ಡಿಗೆ ಮೀಸಲು ಎಂದು ಗುರುತು ಮಾಡಬೇಕು. ಆಗ ಹೊಸಬರು ಅತ್ತ ಸುಳಿಯುತ್ತಿರಲಿಲ್ಲ. ಬಿಳಿ ಸ್ಲಾಟಿನ ಪಿಸಿಐ ಕಾರ್ಡುಗಳು ಒಂದು ತಂತಿಯನ್ನು ಹಂಚಿಕೊಂಡು ಬಾಳುವುದನ್ನು ಕಲಿತೇ ಬಂದಿದ್ದವು. ನೋಡನೋಡುತ್ತ ಹೊಸ ಬೋರ್ಡುಗಳಲ್ಲಿ ಕಪ್ಪು ಸ್ಲಾಟೇ ಇಲ್ಲವಾಯಿತು. ಒಳ್ಳೆಯದೇ ಆಯಿತು. ಜಂಪರ್ ಹುಡುಕುತ್ತ ಹತ್ತಿಯ ಧೂಳಿನಲ್ಲಿ ಮಂಡಿಯೂರಿದವರಾರೂ ಆ ಕಾಲ ಮತ್ತೆ ಬರಲಿ ಎನ್ನಲಾರರು. ಆದರೆ ಮುಚ್ಚಳ ಬಿಚ್ಚುವ ನೆಪವಿಲ್ಲದೆ ಮೂವರು ಒಂದೆಡೆ ಸೇರುವುದು ಕಷ್ಟವಾಯಿತು. ಎಮ್ಮಿಗನೂರಿನವನು ಹೈದರಾಬಾದಿಗೆ ಹೋದ, ನಾನು ಬೆಂಗಳೂರಿಗೆ. ಕೌತಾಳದವನು ಅಲ್ಲೇ ಉಳಿದು ಅಂಗಡಿ ಇಟ್ಟ; ಖಾತೆ ಪುಸ್ತಕವೂ ಸುಣ್ಣದ ಡಬ್ಬಿಯೂ ಅವನ ಹತ್ತಿರವೇ ಇವೆ.

ಮೊನ್ನೆ ಅವನ ಮಗನ ಫೋನು. ಅದೇ ಕಾಟಾ ಮನೆಗೆ ಹೊಸ ಕಂಪ್ಯೂಟರು ಬಂದಿದೆ, ಅದರಲ್ಲಿ ಸೀರಿಯಲ್ ಪೋರ್ಟು ಇಲ್ಲ. ಕಾಟಾದ ಕೇಬಲ್ಲಿಗೆ ಯುಎಸ್‌ಬಿ ಕನ್ವರ್ಟರ್ ಸಿಕ್ಕಿಸಿದ್ದಾರೆ, ತೂಕ ಬರುತ್ತಿಲ್ಲ. "ದೊಡ್ಡಪ್ಪಾ, ಡ್ರೈವರ್ರೆಲ್ಲಾ ಸರಿಯಾಗೇ ಐತಿ." ಡಿವೈಸ್ ಮ್ಯಾನೇಜರ್ ತೆರೆಯಲು ಹೇಳಿದೆ. ಕನ್ವರ್ಟರು ಏಳನೇ ಕಾಮ್ ಪೋರ್ಟು ಆಗಿ ಕೂತಿತ್ತು. ಹಿಂದಿನ ದಿನ ಬೇರೆ ತೂತಿಗೆ ಹಾಕಿದಾಗ ಆರಾಗಿತ್ತಂತೆ. ತೂಕದ ಹಳೆಯ ಪ್ರೋಗ್ರಾಮಿಗೆ ಗೊತ್ತಿರುವುದು ಒಂದು ಮತ್ತು ಎರಡು ಮಾತ್ರ. ಪೋರ್ಟ್ ಸೆಟ್ಟಿಂಗ್ಸಿನ ಅಡ್ವಾನ್ಸ್ಡ್ ಒತ್ತಿ ಎರಡು ಅಂತ ಆರಿಸು, ಆಮೇಲೆ ಆ ತೂತು ಬಿಟ್ಟು ಬೇರೆಗೆ ಹಾಕಬೇಡ ಅಂದೆ. ತೂಕ ಬಂತು. ಹುಡುಗ ಇಷ್ಟೇನಾ ಅನ್ನುವಷ್ಟರಲ್ಲಿ ಅವನಪ್ಪ ಫೋನು ಕಸಿದುಕೊಂಡು, "ಏನಲೇ ಆಲೂರು, ಬೆಂಗಳೂರಾಗ ಕೂತು ಫೀಸು ಕೇಳಬ್ಯಾಡ, ಉಗ್ಗಾಣಿ ತಿನ್ನಾಕ ಇಲ್ಲಿಗೇ ಬಾ" ಅಂದ.